ವಿದ್ಯೆಗೂ ಶುಶ್ರೂಷೆಗೂ ಒಂದೇ ಸೂರು

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯ ಮಠವನ್ನು ಕುರಿತು ಕ್ರಿ.ಶ. 1162ರ ಶಾಸನವೊಂದು ಮಾಡಿರುವ ವರ್ಣನೆಯನ್ನು ಓದಿದಾಗಲೆಲ್ಲ ಒಂದು ಸಂಗತಿ ನನ್ನ ಮನಸ್ಸಿಗೆ ನಾಟುತ್ತದೆ. ವೇದಗಳು, ವ್ಯಾಕರಣಗಳು, ದರ್ಶನಗಳು ಇವುಗಳ ಅಧ್ಯಯನಕ್ಕೆ ಮೀಸಲಾಗಿದ್ದ ಆ ಸ್ಥಾನದಲ್ಲಿಯೇ ದೀನರಿಗೂ ಅನಾಥರಿಗೂ ಕುಂಟರು ಕುರುಡರು ಕಿವುಡರಿಗೂ ಅನ್ನವೂ, ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದುವೆಂದು ಆ ಶಾಸನ ಒಂದೇ ಉಸಿರಿನಲ್ಲಿ ಹೇಳುತ್ತದೆ. ವಿದ್ಯೆಯ ಮನೆ ಬೇರೆ, ಶುಶ್ರೂಷೆಯ ಮನೆ ಬೇರೆ ಎಂಬ ಭೇದವನ್ನು ಅದನ್ನು ಬರೆಯಿಸಿದವರು ಎಣಿಸಿರಲಿಲ್ಲ.

ಇಂದು ಅದೇ ಶಿಕಾರಿಪುರ ಮತ್ತು ನೆರೆಯ ಸೊರಬ ತಾಲ್ಲೂಕುಗಳ ಹಳ್ಳಿಗಳಲ್ಲಿ, ಮಕ್ಕಳು ದುಡಿಮೆಯನ್ನರಸಿ ಬೆಂಗಳೂರನ್ನು ಸೇರಿದ ಮೇಲೆ, ಮನೆಯಲ್ಲುಳಿದ ಸೊಸೆಯೋ ವೃದ್ಧೆಯಾದ ಪತ್ನಿಯೋ ಒಬ್ಬಳೇ, ಹಾಸಿಗೆ ಹಿಡಿದವರನ್ನು, ಉಂಡುದನ್ನು ಮರೆತು ಮತ್ತೆ ಊಟ ಬೇಡುವವರನ್ನು, ನಡುರಾತ್ರಿ ಅಗುಳಿ ತೆಗೆದು ಹೊರಟುಬಿಡುವವರನ್ನು ನೋಡಿಕೊಳ್ಳುತ್ತಿರುವುದು ಯಾರಿಗೂ ಹೊಸ ದೃಶ್ಯವಲ್ಲ. ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ನಂಬಿ, ವ್ಯಾಧಿಯಾದುದನ್ನು ವಯೋಧರ್ಮವೆಂದು ನಾವು ಕೈಬಿಟ್ಟೆವು. ಆ ಒಂದು ಗಾದೆ ಎಷ್ಟೋ ಹೆಂಗಸರ ನಿದ್ದೆಯನ್ನು ಕಸಿದುಕೊಂಡಿದೆ.

ಆದರೆ ತಿಳಿದವರು ಇದನ್ನು ಪರೀಕ್ಷಿಸದೆ ಬಿಟ್ಟಿಲ್ಲ. ಗೋವೆಯಲ್ಲಿ ಮರೆವಿನ ರೋಗಿಗಳಿದ್ದ 81 ಕುಟುಂಬಗಳಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಊರಿನ ಭಾಷೆಯನ್ನು ಬಲ್ಲ, ವೈದ್ಯವಿದ್ಯೆಯನ್ನು ಕಲಿತವರಲ್ಲದ ಸಾಮಾನ್ಯ ಜನರು ಅಲ್ಪಕಾಲದ ತರಬೇತಿಯನ್ನು ಪಡೆದು, ಕೆಲವು ಮನೆಗಳಿಗೆ ಆರು ತಿಂಗಳ ಕಾಲ ಹೋಗಿಬರುತ್ತ, ರೋಗದ ಸ್ವರೂಪವನ್ನು ವಿವರಿಸಿ, ರೋಗಿಯ ಹಟವನ್ನು ಹೇಗೆ ನಿಭಾಯಿಸಬೇಕೆಂದು ತೋರಿಸಿಕೊಟ್ಟುದರಿಂದ, ಆರೈಕೆ ಮಾಡುವವರ ಮನಃಕ್ಲೇಶ ಕಡಿಮೆಯಾದುದು ಕಂಡುಬಂದಿತು. ರೋಗ ಗುಣವಾಗಲಿಲ್ಲ, ನಿಜ. ಆದರೂ ರೋಗಿಯ ಪಕ್ಕದಲ್ಲಿ ಕುಳಿತವಳು ಸ್ವಲ್ಪ ಉಸಿರಾಡುವಂತಾಯಿತು. ಅದು ಸಣ್ಣ ಫಲವೆಂದು ನಾನು ಒಪ್ಪಲಾರೆ. ನಮ್ಮದೇ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಲ್ಲಿಯೂ ನಿಮ್ಹಾನ್ಸ್‌ನ ವೈದ್ಯರು ಸ್ಕಿಜೋಫ್ರೀನಿಯಾಪೀಡಿತರನ್ನು ಊರೂರಿನಲ್ಲಿ ಹುಡುಕಿ, ಅವರ ಸ್ಥಿತಿಗತಿಗಳನ್ನು ವರ್ಷಗಟ್ಟಲೆ ಗಮನಿಸಿ, ಔಷಧವನ್ನು ಪಡೆದವರ ಅಶಕ್ತತೆ ಪಡೆಯದವರದಕ್ಕಿಂತ ತಗ್ಗುವುದನ್ನು ದಾಖಲಿಸಿದ್ದಾರೆ.

ಸಂಶೋಧನೆ ಮನೆಯ ಹೊಸ್ತಿಲಿಗೆ ಬರುವ ದಾರಿ ಸೊರಬದವರಿಗೆ ಅಪರಿಚಿತವೂ ಅಲ್ಲ. 1957ರಲ್ಲಿ ಕ್ಯಾಸನೂರು ಕಾಡಿನ ಮಂಗಗಳು ಸತ್ತು ಬಿದ್ದು, ಜನ ಜ್ವರದಿಂದ ನರಳಿದಾಗ, ವಿಜ್ಞಾನಿಗಳು ಬಂದು, ವೈರಾಣುವನ್ನು ಕಂಡುಹಿಡಿದು, ಅದನ್ನು ಹರಡುವುದು ಉಣುಗು ಎಂಬುದನ್ನು ತಿಳಿಸಿದರು. ಇಂದು ಕಾಡಿಗೆ ಹೋಗುವವರಿಗೆ ಆಶಾ ಕಾರ್ಯಕರ್ತೆ ಉಣುಗನ್ನು ದೂರವಿಡುವ ಡೆಪಾ ಎಣ್ಣೆಯನ್ನು ಹಂಚುವಾಗ ಅವಳ ಕೈಯಲ್ಲಿರುವುದು ಆ ಶೋಧನೆಯ ಫಲವೇ. ಜ್ವರಕ್ಕೆ ತೆರೆದ ಈ ದಾರಿ ಮುಪ್ಪಿಗೂ ಮನೋವ್ಯಾಧಿಗೂ ಏಕೆ ಮುಚ್ಚಿರಬೇಕು?

ಜನರಿಲ್ಲವೆಂಬ ನೆಪ ಇಲ್ಲಿ ನಿಲ್ಲದು. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ; ತಾವೇ ವಿಕಲಚೇತನರಾದ ಇವರಿಗೆ ಯಾವ ಮನೆಯಲ್ಲಿ ಯಾರು ಮಲಗಿದ್ದಾರೆಂಬುದು ಯಾವ ವಿದ್ವಾಂಸನಿಗಿಂತಲೂ ಚೆನ್ನಾಗಿ ಗೊತ್ತು. ಅಲ್ಪ ಗೌರವಧನಕ್ಕೆ ದುಡಿಯುವ ಅವರ ಕಾಲವೆಲ್ಲ ಪಿಂಚಣಿಯ ಅರ್ಜಿ, ಗುರುತಿನ ಚೀಟಿ, ಪ್ರಮಾಣಪತ್ರಗಳ ಓಡಾಟದಲ್ಲಿ ಸವೆದುಹೋಗುವುದು ನನಗೆ ಬಹಳ ನೋವಿನ ವಿಷಯ. ಅರ್ಜಿಯೂ ಬೇಕು, ಆದರೆ ಹಾಸಿಗೆ ಹಿಡಿದವರ ಮಗ್ಗುಲನ್ನು ಎರಡು ಗಂಟೆಗೊಮ್ಮೆ ಬದಲಿಸಿದರೆ ಬೆನ್ನುಹುಣ್ಣನ್ನು ಬಹುಮಟ್ಟಿಗೆ ತಡೆಯಬಹುದೆಂಬುದನ್ನು ಆ ಮನೆಯವಳಿಗೆ ಹೇಳುವವರು ಯಾರು?

ಆದುದರಿಂದ ನಾನು ಕೇಳುವುದಿಷ್ಟು. ಎರಡು ತಾಲ್ಲೂಕುಗಳಲ್ಲಿಯೂ ತಿಂಗಳಿಗೊಂದು ದಿನ ಈ ಪುನರ್ವಸತಿ ಕಾರ್ಯಕರ್ತರನ್ನೂ ಆಶಾ ಕಾರ್ಯಕರ್ತೆಯರನ್ನೂ ತಾಲ್ಲೂಕು ಪಂಚಾಯಿತಿಯ ಸಭಾಂಗಣದಲ್ಲಿ ಕೂಡಿಸಲಿ. ಶಿವಮೊಗ್ಗದ ವೈದ್ಯಕೀಯ ಕಾಲೇಜಿನಿಂದಲೂ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಿಂದಲೂ ಅಧ್ಯಾಪಕರು, ವಿದ್ಯಾರ್ಥಿಗಳು ಬರಲಿ. ಬಂದವರು ಭಾಷಣವನ್ನು ಮಾಡದೆ ಮೊದಲು ಕೇಳಲಿ. ಯಾವ ಉಪಾಯ ಫಲಿಸಿತು, ಯಾವುದು ಸೋತಿತು ಎಂಬುದನ್ನು ಕಾರ್ಯಕರ್ತರು ಪುಸ್ತಕದಲ್ಲಿ ಬರೆದಿಡಲಿ, ಅದನ್ನೂ ಸಂಶೋಧನೆಯೆಂದೇ ವಿಶ್ವವಿದ್ಯಾಲಯ ಗಣಿಸಲಿ. ಆನವಟ್ಟಿಯ ಕಡೆಯ ಕಾರ್ಯಕರ್ತೆಯೊಬ್ಬಳು ಈ ತಿಂಗಳು ಕೇಳಿದ ಪ್ರಶ್ನೆಗೆ, ತಿಳಿವಳಿಕೆಯಿದ್ದಷ್ಟು ಉತ್ತರವು, ಸರಳವಾದ ಕನ್ನಡದಲ್ಲಿ, ಮುಂದಿನ ತಿಂಗಳ ಸಭೆಗೆ ಮುಂಚೆಯೇ ಅವಳ ಕೈಸೇರಲಿ.