ಒಂದು ಕೋಣೆಯ ಚಿತ್ರ

ಜಪಾನಿ ಭಾಷೆಯಲ್ಲಿ ‘ಒತಾಕು’ ಎಂಬುದೊಂದು ಮಾತುಂಟು. ಅದರ ಮೂಲಾರ್ಥ ‘ತಮ್ಮ ಮನೆ’ ಎಂದು. ಎದುರಿಗಿರುವವರನ್ನು ಸಲಿಗೆಯಿಂದ ಕರೆಯದೆ, ಸ್ವಲ್ಪ ದೂರದಲ್ಲಿ ನಿಂತು, ‘ತಾವು’ ಎಂದು ಗೌರವದಿಂದ ಸಂಬೋಧಿಸುವಾಗಲೂ ಆ ಭಾಷೆಯವರು ಈ ಪದವನ್ನು ಬಳಸುವುದುಂಟು. ಇಷ್ಟು ಸೌಜನ್ಯದ ಪದವೊಂದು ಕೆಲವೇ ವರ್ಷಗಳಲ್ಲಿ ಬೈಗುಳವಾಗಿ ಮಾರ್ಪಟ್ಟಿತು. ಅದು ಹಾಗಾದ ಬಗೆಯನ್ನು ನೋಡಿದರೆ ಒಂದು ದೇಶದ ಹಿರಿಯರು ತಮ್ಮ ಕಿರಿಯರನ್ನು ಯಾವ ಕಣ್ಣಿನಿಂದ ಕಂಡರೆಂಬುದು ತಿಳಿಯುತ್ತದೆ.

ಜಪಾನಿನಲ್ಲಿ ಚಿತ್ರಕಥೆಯ ಪುಸ್ತಕಗಳಿಗೆ ‘ಮಾಂಗಾ’ ಎಂದು ಹೆಸರು. (ಈ ಹೆಸರನ್ನು ಕೇಳಿದೊಡನೆ ನಮಗೆ ಬೇರೊಂದು ಪ್ರಾಣಿಯ ನೆನಪಾದರೆ ಅದರಲ್ಲಿ ಜಪಾನೀಯರ ತಪ್ಪೇನೂ ಇಲ್ಲ.) ಅಂಥ ಚಿತ್ರಗಳೇ ಚಲಿಸುತ್ತ ತೆರೆಯ ಮೇಲೆ ಬಂದರೆ ಅದು ‘ಅನಿಮೆ’. ಡೋರೇಮಾನ್, ಪೋಕೆಮಾನ್, ಶಿನ್‌ಚಾನ್ ಮೊದಲಾದವು ದೂರದರ್ಶನದ ಮೂಲಕ ನಮ್ಮ ಮಕ್ಕಳಿಗೂ ಸುಪರಿಚಿತವಾಗಿವೆ. ಇವುಗಳ ಜೊತೆಗೆ ವಿಡಿಯೋ ಆಟಗಳೂ ಸೇರಿಕೊಂಡು ಜಪಾನಿನ ಯುವಕ ಯುವತಿಯರಿಗೆ ಒಂದು ಬೇರೆಯ ಲೋಕವನ್ನೇ ಕಟ್ಟಿಕೊಟ್ಟವು.

೧೯೭೫ರ ಡಿಸೆಂಬರಿನಲ್ಲಿ ಟೋಕಿಯೋ ನಗರದಲ್ಲಿ ‘ಕಾಮಿಕ್ ಮಾರ್ಕೆಟ್’ ಎಂಬ ಒಂದು ಸಣ್ಣ ಸಂತೆ ನೆರೆಯಿತು. ತಾವೇ ಬರೆದು, ತಾವೇ ಚಿತ್ರಿಸಿ, ಅಚ್ಚು ಹಾಕಿಸಿದ ಪುಸ್ತಿಕೆಗಳನ್ನು ಹೊತ್ತು ೩೨ ಗುಂಪುಗಳು ಅಲ್ಲಿಗೆ ಬಂದಿದ್ದವು. ನೆರೆದವರು ಸುಮಾರು ೭೦೦ ಮಂದಿ. ಅವರಲ್ಲಿ ಬಹುಪಾಲು ಶಾಲೆಯಲ್ಲಿ ಓದುವ ಹೆಣ್ಣುಮಕ್ಕಳು. ಈ ಸಂತೆಯ ನಿಯಮವೊಂದು ನನಗೆ ಬಹಳ ಮೆಚ್ಚುಗೆಯಾಗಿದೆ. ಅಲ್ಲಿ ‘ಗಿರಾಕಿ’ ಎಂಬ ಮಾತಿಗೆ ಎಡೆಯಿಲ್ಲ. ಪುಸ್ತಿಕೆ ತಂದವರು, ಕೊಳ್ಳಲು ಬಂದವರು, ಸಾಲನ್ನು ನೋಡಿಕೊಳ್ಳುವ ಸ್ವಯಂಸೇವಕರು, ಎಲ್ಲರೂ ಅಲ್ಲಿ ‘ಭಾಗಿಗಳು’. ೨೦೧೯ರ ಕೊನೆಯಲ್ಲಿ ನಾಲ್ಕು ದಿನಗಳ ಕಾಲ ನಡೆದ ಇದೇ ಸಂತೆಗೆ ಬಂದವರ ಸಂಖ್ಯೆ ೭ ಲಕ್ಷವನ್ನು ಮೀರಿತ್ತು.

ಈ ಭಾಗಿಗಳ ಮೇಲೆ ಮೊದಲ ಕಲ್ಲು ಬಿದ್ದದ್ದು ೧೯೮೩ರಲ್ಲಿ. ನಕಾಮೊರಿ ಅಕಿಯೊ ಎಂಬ ಬರಹಗಾರ ಇವರನ್ನು ಕುರಿತು ಪತ್ರಿಕೆಯೊಂದರಲ್ಲಿ ಬರೆದ. ಅವರು ಒಬ್ಬರನ್ನೊಬ್ಬರು ‘ಒತಾಕು’ ಎಂದು ಬಹುವಚನದ ಬಿಗುಮಾನದಿಂದ ಕರೆದುಕೊಳ್ಳುವುದನ್ನು ಹಿಡಿದು ಅವರಿಗೆ ಅದೇ ಹೆಸರನ್ನು ಅಂಟಿಸಿದ. ಇವರು ಯಾರು? ಆಟೋಟಗಳಲ್ಲಿ ಕೈಲಾಗದವರು, ಬಿಡುವಿನ ವೇಳೆಯಲ್ಲಿ ಹೊರಗೆ ಹೋಗದೆ ತರಗತಿಯಲ್ಲಿಯೇ ಉಳಿಯುವವರು, ಉಡುಗೆ ತೊಡುಗೆಯಲ್ಲಿ ಅಂದಚೆಂದ ಅರಿಯದವರು. ಅವನ ಮಾತಿನ ಧಾಟಿ ಇದು. ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದ ನಾನು ಇಂಥ ಇಬ್ಬರು ಮೂವರಿಲ್ಲದ ತರಗತಿಯನ್ನು ಒಂದನ್ನೂ ಕಂಡವನಲ್ಲ. ಅವರು ಓದುವ ಪುಸ್ತಕ ಒಳ್ಳೆಯದೋ ಕೆಟ್ಟದ್ದೋ ಎಂಬ ವಿಮರ್ಶೆಗೆ ಅವನು ಹೆಚ್ಚು ತೊಡಗಲಿಲ್ಲ. ಓದುವವರ ಮೈಕಟ್ಟು, ಕನ್ನಡಕ, ಅಂಗಿಗಳನ್ನು ಕುರಿತು ನಕ್ಕುದಾಯಿತು, ಅಷ್ಟೆ. ಆದರೂ ಇದೊಂದು ಸಣ್ಣ ಪತ್ರಿಕೆಯ ಕುಹಕವಾಗಿದ್ದಿತು. ದೇಶದ ಕಿವಿಗೆ ಬಿದ್ದಿರಲಿಲ್ಲ.

ಬಿದ್ದದ್ದು ೧೯೮೯ರಲ್ಲಿ. ಅದಕ್ಕೆ ಹಿಂದಿನ ವರ್ಷದಿಂದ ಟೋಕಿಯೋ ಮತ್ತು ಅದರ ನೆರೆಯ ಸೈತಾಮಾ ಪ್ರಾಂತದಲ್ಲಿ ನಾಲ್ವರು ಎಳೆಯ ಬಾಲಕಿಯರು ಒಬ್ಬರ ನಂತರ ಒಬ್ಬರು ಕೊಲೆಯಾಗಿದ್ದರು. ತಾಯಂದಿರು ಮಕ್ಕಳನ್ನು ಹೊಸ್ತಿಲು ದಾಟಿಸಲು ಅಂಜುತ್ತಿದ್ದ ಕಾಲ ಅದು. ೧೯೮೯ರ ಬೇಸಗೆಯಲ್ಲಿ ೨೬ ವರ್ಷದ ಒಬ್ಬ ಯುವಕ ಸಿಕ್ಕಿಬಿದ್ದ. (ಅವನ ಹೆಸರನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ನ್ಯಾಯಾಲಯ ಅವನಿಗೆ ಮರಣದಂಡನೆ ವಿಧಿಸಿತು. ೨೦೦೮ರಲ್ಲಿ ಅದು ಜಾರಿಯಾಯಿತು.) ಅವನು ವಾಸಿಸುತ್ತಿದ್ದ ಕೋಣೆಯ ಚಿತ್ರ ಪತ್ರಿಕೆಗಳಲ್ಲಿಯೂ ದೂರದರ್ಶನದಲ್ಲಿಯೂ ಪ್ರಕಟವಾಯಿತು. ನೆಲದಿಂದ ಸೂರಿನವರೆಗೆ ಪೇರಿಸಿಟ್ಟ ವಿಡಿಯೋ ಕ್ಯಾಸೆಟ್ಟುಗಳು, ಸುಮಾರು ೬೦೦೦; ಅವುಗಳ ನಡುವೆ ಒಂದು ಹಾಸಿಗೆ. ಕಿಟಕಿಯ ಬೆಳಕೂ ಒಳಗೆ ಬಾರದಂತೆ ತೋರುವ ಆ ಕೋಣೆಯನ್ನು ನೋಡಿದವರ ಮೈ ನಡುಗಿತು. ‘ಇದೋ, ಒತಾಕು ಎಂದರೆ ಹೀಗೆ’ ಎಂದು ಪತ್ರಿಕೆಗಳು ಬೆರಳು ತೋರಿಸಿದವು.

ಆ ಕ್ಯಾಸೆಟ್ಟುಗಳಲ್ಲಿ ಬಹುಪಾಲು ದೂರದರ್ಶನದಲ್ಲಿ ಬರುವ ಸಾಮಾನ್ಯ ಕಾರ್ಯಕ್ರಮಗಳ ಮುದ್ರಣಗಳಾಗಿದ್ದವು. ಇದು ಆಮೇಲೆ ತಿಳಿಯಿತು. ಆದರೆ ಚಿತ್ರ ಓಡಿದಷ್ಟು ವೇಗವಾಗಿ ವಿವರಣೆ ಓಡುವುದಿಲ್ಲ. ಕೊಲೆಗಾರನೊಬ್ಬ ಅನಿಮೆ ನೋಡುತ್ತಿದ್ದ. ಆದುದರಿಂದ ಅನಿಮೆ ನೋಡುವವರಲ್ಲಿ ಕೊಲೆಗಾರರಿದ್ದಾರೆ. ಆದುದರಿಂದ ನಿಮ್ಮ ನೆರೆಮನೆಯ ಹುಡುಗನ ಮೇಲೆ ಕಣ್ಣಿಡಿ. ಇದು ಆ ದಿನಗಳ ತರ್ಕ. ಅವನು ಪತ್ರಿಕೆಗಳನ್ನೂ ಓದುತ್ತಿದ್ದಿರಬೇಕು. ಆದರೆ ಪತ್ರಿಕೆ ಓದುವವರೆಲ್ಲ ಅಪಾಯಕಾರಿಗಳೆಂದು ಯಾವ ಪತ್ರಿಕೆಯೂ ಬರೆದಂತೆ ಕಾಣೆ. ಮಕ್ಕಳನ್ನು ಕಳೆದುಕೊಂಡ ಆ ನಾಲ್ಕು ಮನೆಗಳ ದುಃಖ ಅಳತೆಗೆ ಮೀರಿದ್ದು. ಅಂಥ ದುಃಖದ ಎದುರಿನಲ್ಲಿ ಜನ ಕಾರಣವೊಂದನ್ನು ಹುಡುಕುವುದು ಸಹಜ. ಆದರೆ ಕೈಗೆ ಸುಲಭವಾಗಿ ಸಿಕ್ಕಿದ್ದನ್ನೇ ಕಾರಣವೆಂದು ಸಾರಿದಾಗ, ಏನೂ ಮಾಡದ ಎಷ್ಟೋ ಮಕ್ಕಳು ತಮ್ಮ ಮೆಚ್ಚಿನ ಪುಸ್ತಕವನ್ನು ಹಾಸಿಗೆಯ ಕೆಳಗೆ ಬಚ್ಚಿಡಬೇಕಾಯಿತು. ಗೆಳೆಯರ ಮುಂದೆ ‘ನನಗೆ ಅದೆಲ್ಲ ಇಷ್ಟವಿಲ್ಲ’ ಎಂದು ಸುಳ್ಳು ಹೇಳಬೇಕಾಯಿತು.

ಇದನ್ನು ಬರೆಯುವಾಗ ನನ್ನದೇ ಒಂದು ತಪ್ಪು ನೆನಪಾಗುತ್ತಿದೆ. ಒಮ್ಮೆ ಸಮಾಸ ಪ್ರಕರಣವನ್ನು ಪಾಠ ಮಾಡುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ತಲೆ ತಗ್ಗಿಸಿ ಏನನ್ನೋ ಗೀಚುತ್ತಿದ್ದ. ಹೋಗಿ ನೋಡಿದರೆ, ಮುಖದ ಅರ್ಧಭಾಗವೆಲ್ಲ ಕಣ್ಣೇ ಆಗಿರುವ, ಮುಳ್ಳಿನಂತೆ ಕೂದಲು ನಿಂತಿರುವ ಗೊಂಬೆಗಳು. ನೋಟುಪುಸ್ತಕವನ್ನು ಕಿತ್ತುಕೊಂಡು, ‘ಇವನ ತಲೆ ಈ ಗೊಂಬೆಗಳಿಗೆ ಮಾರಾಟವಾಗಿದೆ’ ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಸಂಜೆ ಉಪಾಧ್ಯಾಯರ ಕೊಠಡಿಯಲ್ಲಿ ಆ ಪುಸ್ತಕವನ್ನು ತೆರೆದು ನೋಡಿದೆ. ಅದೊಂದು ಕಥೆ. ಬತ್ತಿಹೋದ ಕೆರೆಯೊಂದನ್ನು ಮತ್ತೆ ತುಂಬಿಸಲು ಹೊರಟ ಒಬ್ಬ ಅಜ್ಜಿ ಮತ್ತು ಮೊಮ್ಮಗ. ಮಾತುಗಳೆಲ್ಲ ಅವನ ಊರಿನ ಕನ್ನಡದಲ್ಲಿ. ಪ್ರಬಂಧ ಬರೆಯೆಂದರೆ ನಾಲ್ಕು ಸಾಲಿಗೆ ನಿಲ್ಲುತ್ತಿದ್ದ ಹುಡುಗ ಅರುವತ್ತು ಪುಟ ತುಂಬಿಸಿದ್ದ. ಮರುದಿನ ಪುಸ್ತಕವನ್ನು ಹಿಂದಿರುಗಿಸಿ, ಚೆನ್ನಾಗಿದೆಯೆಂದೂ ಹೇಳಿದೆ. ಅವನು ತಲೆಯಾಡಿಸಿದ. ಅನಂತರ ಅವನು ನನಗೆ ಏನನ್ನೂ ತೋರಿಸಲಿಲ್ಲ.

ಇಂಥ ತಪ್ಪನ್ನು ಜಪಾನೀಯರು ಹಿಂದೆಯೂ ಒಮ್ಮೆ ಮಾಡಿದ್ದರು ಎಂಬುದು ಆಶ್ಚರ್ಯ. ೧೯೫೫ರಲ್ಲಿ ಅಲ್ಲಿನ ತಾಯಂದಿರ ಸಂಘಗಳೂ ಶಿಕ್ಷಕರೂ ಕೂಡಿ ಮಕ್ಕಳ ಕೈಯಿಂದ ‘ಕೆಟ್ಟ ಪುಸ್ತಕ’ಗಳನ್ನು ಬಿಡಿಸುವ ಚಳವಳಿಯೊಂದನ್ನು ನಡೆಸಿದರು. ಕೆಲವೆಡೆ ಮಾಂಗಾ ಪುಸ್ತಕಗಳನ್ನು ರಾಶಿ ಹಾಕಿ ಸುಟ್ಟರು. ಆಗ ನಿಂದೆಗೆ ಗುರಿಯಾದವರಲ್ಲಿ ತೆಜುಕಾ ಒಸಾಮು ಒಬ್ಬರು. ವೈದ್ಯಕೀಯ ಓದಿ, ವೈದ್ಯರಾಗಲು ಅರ್ಹತೆ ಪಡೆದೂ, ಚಿತ್ರಕಥೆಯ ಕಸುಬನ್ನೇ ಹಿಡಿದವರು ಅವರು. ಅವರ ಯಂತ್ರಬಾಲಕ ‘ಅಟಮ್’ನ ಕಥೆ ೧೯೫೨ರಲ್ಲಿ ಆರಂಭವಾಗಿ, ೧೯೬೩ರ ಜನವರಿ ೧ರಂದು ದೂರದರ್ಶನಕ್ಕೆ ಬಂದಿತು. ೧೯೭೨ರಿಂದ ಹನ್ನೊಂದು ವರ್ಷ ಅವರು ಬುದ್ಧನ ಜೀವನವನ್ನು ಚಿತ್ರಕಥೆಯಾಗಿ ಬರೆದರು. ಕಪಿಲವಸ್ತುವೂ ಮಗಧವೂ ಅಸಂಖ್ಯ ಜಪಾನೀ ಮಕ್ಕಳಿಗೆ ಪರಿಚಯವಾದದ್ದು ಆ ಪುಟಗಳಿಂದ. ೧೯೮೯ರ ಫೆಬ್ರವರಿಯಲ್ಲಿ ತೆಜುಕಾ ತೀರಿಕೊಂಡಾಗ ದೇಶವೇ ಮರುಗಿತು. ಅವರ ಪುಸ್ತಕ ಸುಟ್ಟ ತಲೆಮಾರಿನವರೂ ಮರುಗಿದವರಲ್ಲಿ ಇದ್ದಿರಲೇಬೇಕು. ಆ ಶೋಕ ಮುಗಿದು ಆರು ತಿಂಗಳಾಗುವುದರೊಳಗೆ ಕೋಣೆಯ ಆ ಚಿತ್ರ ಬಂದಿತು. ತೆಜುಕಾ ಬೆಳೆಸಿದ ಕಲೆಯನ್ನು ಪ್ರೀತಿಸುವವರೆಲ್ಲ ಮತ್ತೆ ಕಟಕಟೆಯಲ್ಲಿ ನಿಂತರು.

ಟೀಕೆಯೆಲ್ಲವೂ ನಿಂದೆಯೆಂದು ನಾನು ಹೇಳುತ್ತಿಲ್ಲ. ೧೯೮೮ರ ಫೆಬ್ರವರಿ ೧೦, ಬುಧವಾರ. ‘ಡ್ರ್ಯಾಗನ್ ಕ್ವೆಸ್ಟ್’ ಎಂಬ ಆಟದ ಮೂರನೆಯ ಭಾಗ ಅಂದು ಅಂಗಡಿಗಳಿಗೆ ಬಂದಿತು. ಶಾಲೆಗೆ ಹೋಗಬೇಕಾದ ನೂರಾರು ಮಕ್ಕಳು ಅಂಗಡಿಗಳ ಮುಂದೆ ಸಾಲುಗಟ್ಟಿ ನಿಂತು ಪೊಲೀಸರ ಕೈಗೆ ಸಿಕ್ಕರು. ತಪ್ಪು ಯಾರದು? ಬುಧವಾರವನ್ನು ಆರಿಸಿಕೊಂಡ ವ್ಯಾಪಾರಿಯದೂ ಹೌದು. ಪರಿಹಾರವೂ ಸುಲಭವಾಗಿತ್ತು: ನಾಲ್ಕನೆಯ ಭಾಗ ೧೯೯೦ರಲ್ಲಿ ಭಾನುವಾರ ಬಂದಿತು. ೧೯೯೭ರ ಡಿಸೆಂಬರ್ ೧೬ರಂದು ಇದಕ್ಕಿಂತ ಗಂಭೀರವಾದ ಪ್ರಸಂಗವೊಂದು ನಡೆಯಿತು. ಪೋಕೆಮಾನ್ ಅನಿಮೆಯ ಒಂದು ಕಂತಿನಲ್ಲಿ ಕೆಂಪು ನೀಲಿ ಬೆಳಕು ಅತಿವೇಗವಾಗಿ ಮಿನುಗಿದ್ದರಿಂದ ಮಕ್ಕಳಿಗೆ ತಲೆಸುತ್ತು, ಸೆಳವು ಬಂದು, ಸುಮಾರು ೬೮೫ ಮಂದಿಯನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ಕಾರ್ಯಕ್ರಮವನ್ನು ನಾಲ್ಕು ತಿಂಗಳು ನಿಲ್ಲಿಸಿದರು. ವೈದ್ಯರು ಕಾರಣವನ್ನು ಪರೀಕ್ಷಿಸಿದರು. ಬೆಳಕು ಎಷ್ಟು ಬೇಗ ಮಿನುಗಬಹುದೆಂಬುದಕ್ಕೆ ನಿಯಮಗಳಾದವು. ಬೆಳಕಿರುವ ಕೋಣೆಯಲ್ಲಿ, ತೆರೆಯಿಂದ ದೂರ ಕುಳಿತು ನೋಡಿರೆಂಬ ಸೂಚನೆ ಕಾರ್ಯಕ್ರಮಗಳ ಆರಂಭದಲ್ಲಿ ಬರತೊಡಗಿತು. ಇಲ್ಲಿ ಹಾನಿ ಯಾವುದು, ಅದು ಯಾವುದರಿಂದ ಬಂದಿತು, ಅದನ್ನು ತಪ್ಪಿಸುವುದು ಹೇಗೆ ಎಂದು ಕೇಳಿದರು. ಪೋಕೆಮಾನ್ ನೋಡುವ ಮಗು ಎಂಥ ಮಗು ಎಂದು ಯಾರೂ ಕೇಳಲಿಲ್ಲ.

ಅಭಿಮಾನಿಗಳ ಮೇಲೂ ನನಗೊಂದು ದೂರುಂಟು. ಹಲವು ಬಾರಿ ಪೆಟ್ಟು ತಿಂದ ಕಾರಣ, ಯಾರು ಏನು ಹೇಳಿದರೂ ‘ಅವರಿಗೆ ಇದು ತಿಳಿಯದು’ ಎಂದು ಕಿವಿ ಮುಚ್ಚಿಕೊಳ್ಳುವ ಅಭ್ಯಾಸ ಅವರಿಗೆ ಬಂದಿದೆ. ಹೆಣ್ಣನ್ನು ಹೀನವಾಗಿ ಚಿತ್ರಿಸುವ ಕಥೆಗಳು, ರಕ್ತಪಾತವನ್ನೇ ರುಚಿಯಾಗಿ ಉಣಬಡಿಸುವ ಆಟಗಳು ಇಲ್ಲವೆಂದು ಯಾರು ಹೇಳಬಲ್ಲರು? ಅವನ್ನು ಕೆಟ್ಟವೆನ್ನುವ ಹಕ್ಕು ಓದುಗನಿಗಿದೆ. ಅಭಿಮಾನಿಗೆ ಎಲ್ಲರಿಗಿಂತ ಹೆಚ್ಚಾಗಿ ಇದೆ. ಆಟವನ್ನು ಬಿಡಲಾರದೆ ಊಟ, ನಿದ್ರೆ, ಓದುಗಳನ್ನು ಕಳೆದುಕೊಳ್ಳುವ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ೨೦೧೯ರಲ್ಲಿ ತನ್ನ ರೋಗಗಳ ಪಟ್ಟಿಗೆ ಸೇರಿಸಿತು. ಸಾಮಾನ್ಯವಾಗಿ ೧೨ ತಿಂಗಳಾದರೂ ಲಕ್ಷಣಗಳು ಕಂಡುಬಂದರೆ ಮಾತ್ರ ಅದನ್ನು ರೋಗವೆನ್ನಬೇಕೆಂದೂ ಹೇಳಿತು. ಎರಡನೆಯ ಮಾತನ್ನು ಹೆದರಿದ ತಂದೆತಾಯಿಗಳು ಓದುವುದಿಲ್ಲ; ಮೊದಲನೆಯದನ್ನು ಅಭಿಮಾನಿಗಳು ಓದುವುದಿಲ್ಲ.

ಆದರೆ ಈ ಜನ ಲೋಕದ ಸುಖದುಃಖಗಳಿಗೆ ಬೆನ್ನು ತಿರುಗಿಸಿ ಕುಳಿತವರೆಂಬ ಹಳೆಯ ಆರೋಪವನ್ನು ಮಾತ್ರ ನಾನು ಒಪ್ಪಲಾರೆ. ೨೦೧೯ರ ಜುಲೈ ೧೮ರಂದು ಕ್ಯೋತೋ ಆ್ಯನಿಮೇಷನ್ ಎಂಬ ಚಿತ್ರಶಾಲೆಗೆ ಒಬ್ಬ ಬೆಂಕಿ ಹಚ್ಚಿದ. ೩೬ ಮಂದಿ ಕಲಾವಿದರೂ ಕೆಲಸಗಾರರೂ ಸತ್ತರು. ಜಪಾನಿನಿಂದಲೂ ಹೊರದೇಶಗಳಿಂದಲೂ ಹರಿದುಬಂದ ನೆರವಿನ ಮೊತ್ತ ೩೦೦ ಕೋಟಿ ಯೆನ್ನುಗಳನ್ನು ಮೀರಿತು. ಕೊಟ್ಟವರಲ್ಲಿ ಎಷ್ಟೋ ಮಂದಿ ಆ ಕಲಾವಿದರ ಮುಖವನ್ನು ಕಂಡವರಲ್ಲ. ಅವರು ಬರೆದ ಚಿತ್ರಗಳನ್ನು ಮಾತ್ರ ಕಂಡವರು.

ಈಗ ಸರ್ಕಾರದ ಧಾಟಿಯೂ ಬದಲಾಗಿದೆ. ೨೦೧೬ರಲ್ಲಿ ರಿಯೋ ನಗರದ ಒಲಿಂಪಿಕ್ ಸಮಾರೋಪದಲ್ಲಿ ಜಪಾನಿನ ಪ್ರಧಾನಿ ಶಿಂಜೊ ಅಬೆ ‘ಮಾರಿಯೊ’ ಎಂಬ ಆಟದ ಪಾತ್ರದ ಟೋಪಿ ತೊಟ್ಟು ಕಾಣಿಸಿಕೊಂಡರು. ೨೦೨೧ರ ಜುಲೈ ೨೩ರಂದು ಟೋಕಿಯೋದಲ್ಲಿ ಕ್ರೀಡಾಪಟುಗಳು ಮೆರವಣಿಗೆಯಲ್ಲಿ ಬಂದಾಗ ಮೊದಲು ಮೊಳಗಿದ್ದು ‘ಡ್ರ್ಯಾಗನ್ ಕ್ವೆಸ್ಟ್’ ಆಟದ ಸಂಗೀತ. ಆ ಆಟಕ್ಕಾಗಿ ೧೯೮೮ರಲ್ಲಿ ಶಾಲೆ ತಪ್ಪಿಸಿ ಸಿಕ್ಕಿಬಿದ್ದ ಹುಡುಗರು ಆ ವೇಳೆಗೆ ನಡುವಯಸ್ಸಿನವರಾಗಿದ್ದರು. ಮನೆಯಲ್ಲಿ ಕುಳಿತು ಅದನ್ನು ಕೇಳಿ ಏನೆಂದುಕೊಂಡರೋ!

ಹಾಗೆಂದು ಹಳೆಯ ಜಗಳ ತೀರಿತೆಂದು ತಿಳಿಯಬಾರದು. ೨೦೦೨ರಲ್ಲಿ ಪ್ರಾಧ್ಯಾಪಕರೊಬ್ಬರು ವಿಡಿಯೋ ಆಟದಿಂದ ಮಿದುಳು ಕೆಡುವುದೆಂದು ಪುಸ್ತಕ ಬರೆದು ‘ಆಟದ ಮಿದುಳು’ ಎಂಬ ಮಾತನ್ನು ಹುಟ್ಟುಹಾಕಿದರು. ಅವರ ವಿಧಾನವನ್ನು ಅನೇಕ ವಿಜ್ಞಾನಿಗಳು ಒಪ್ಪಲಿಲ್ಲ. ಮಾತು ಮಾತ್ರ ಮನೆಮನೆಗಳಲ್ಲಿ ಉಳಿಯಿತು. ೨೦೨೦ರ ಏಪ್ರಿಲಿನಲ್ಲಿ ಕಾಗಾವಾ ಎಂಬ ಪ್ರಾಂತದಲ್ಲಿ ಒಂದು ಶಾಸನ ಜಾರಿಗೆ ಬಂದಿತು: ೧೮ ವರ್ಷ ತುಂಬದವರು ಶಾಲೆಯ ದಿನಗಳಲ್ಲಿ ೬೦ ನಿಮಿಷ, ರಜೆಯಲ್ಲಿ ೯೦ ನಿಮಿಷಕ್ಕಿಂತ ಹೆಚ್ಚು ಆಡದಂತೆ ಮನೆಯವರು ನೋಡಿಕೊಳ್ಳಬೇಕು. ಮೀರಿದರೆ ದಂಡವಿಲ್ಲ. ಆ ಪ್ರಾಂತದ ಒಬ್ಬ ವಿದ್ಯಾರ್ಥಿ ತನ್ನ ತಾಯಿಯೊಡನೆ ನ್ಯಾಯಾಲಯಕ್ಕೆ ಹೋದ. ಆಟಕ್ಕೆ ಎಷ್ಟು ಹೊತ್ತು ಎಂಬುದನ್ನು ನಾನೂ ನನ್ನ ಮನೆಯವರೂ ತೀರ್ಮಾನಿಸಬೇಕಲ್ಲವೆ, ಸರ್ಕಾರ ಏಕೆ ಎಂಬುದು ಅವನ ಪ್ರಶ್ನೆಯ ಸಾರ. ೨೦೨೨ರ ಆಗಸ್ಟಿನಲ್ಲಿ ತಾಕಾಮಾತ್ಸು ಜಿಲ್ಲಾ ನ್ಯಾಯಾಲಯ ಶಾಸನವು ಸಂವಿಧಾನಕ್ಕೆ ವಿರುದ್ಧವಲ್ಲವೆಂದು ತೀರ್ಪು ಕೊಟ್ಟಿತು. ತೀರ್ಪು ನನಗೆ ಅಷ್ಟಾಗಿ ಹಿಡಿಸಲಿಲ್ಲ. ಆದರೂ ಆಟವಾಡುವ ಹುಡುಗನೊಬ್ಬನ ಮಾತಿಗೆ ನ್ಯಾಯಾಲಯವೊಂದು ಎರಡು ವರ್ಷಗಳ ಕಾಲ ಕಿವಿಗೊಟ್ಟಿತು. ೧೯೮೯ರ ಬೇಸಗೆಯಲ್ಲಿ ಅವನಂಥವರಿಗೆ ಅಷ್ಟೂ ದೊರೆತಿರಲಿಲ್ಲ.