ಪರದೇಶದ ಕಂಪೆನಿ, ಸ್ವದೇಶದ ಸಂಪಾದನೆ

ಕಂಪ್ಯೂಟರು ವಿದ್ಯೆಯನ್ನು ಕಲಿತು, ಬೆಂಗಳೂರಿನ ನೌಕರಿಯನ್ನು ಬಿಟ್ಟು, ಸ್ವಂತ ಊರಿನ ಮನೆಯಲ್ಲಿಯೇ ಕುಳಿತು ಹೊರದೇಶದ ವರ್ತಕರಿಗೆ ಗುತ್ತಿಗೆಯ ಮೇಲೆ ಕೆಲಸ ಮಾಡಿಕೊಡತಕ್ಕ ತರುಣರು ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿಯೂ ಈಚೆಗೆ ಕಾಣಬರುತ್ತಿರುವುದು ಸಂತೋಷದ ಸಂಗತಿ. 1962ರಲ್ಲಿ ಶ್ರೀಮಾನ್ ಕೆ. ವಿ. ಶಂಕರಗೌಡರ ಪ್ರಯತ್ನದಿಂದ ಮಂಡ್ಯದಲ್ಲಿ ಸ್ಥಾಪಿತವಾದ ಇಂಜಿನಿಯರಿಂಗ್ ಕಾಲೇಜಿನ ಫಲವನ್ನು ಈ ಜಿಲ್ಲೆಯೇ ಉಣ್ಣುವ ಕಾಲ ಬಂದಿತೆಂದು ಹಿಗ್ಗಬಹುದು. ಆದರೆ ಇವರಲ್ಲಿ ಕೆಲವರು ತಮ್ಮ ಹೆಸರಿನಲ್ಲಿ ಬಿಲ್ಲು ಬರೆಯದೆ, ಎಸ್ಟೋನಿಯಾದಲ್ಲಿಯೋ ಅಮೆರಿಕದ ಡೆಲಾವೇರಿನಲ್ಲಿಯೋ ದುಬೈಯಲ್ಲಿಯೋ ಒಂದು ಕಂಪೆನಿಯನ್ನು ಹುಟ್ಟಿಸಿ, ಅದರ ಹೆಸರಿನಲ್ಲಿ ಹಣವನ್ನು ಪಡೆಯುವ ಮಾರ್ಗವನ್ನು ಹಿಡಿದಿದ್ದಾರೆ. ವಾಸ ಇಲ್ಲಿ, ದುಡಿಮೆ ಇಲ್ಲಿ, ಬಿಲ್ಲು ಮಾತ್ರ ಅಲ್ಲಿ. ಇದು ಕಾನೂನಿಗೆ ಸಮ್ಮತವೇ ಎಂಬ ಪ್ರಶ್ನೆಯನ್ನು ನಿಧಾನವಾಗಿ ವಿಚಾರಿಸುವುದು ಅವಶ್ಯ.

ಮೊದಲನೆಯ ಮಾತು: ಹೊರದೇಶದಲ್ಲಿ ಕಂಪೆನಿಯನ್ನು ಹೊಂದುವುದೇ ಅಪರಾಧವೆಂದು ಯಾರೂ ಹೇಳುವಂತಿಲ್ಲ. ಎಸ್ಟೋನಿಯಾ ಸರ್ಕಾರದವರು 2014ರಿಂದ ಪರದೇಶೀಯರು ಮನೆಯಿಂದಲೇ ಅಲ್ಲಿ ಕಂಪೆನಿಯನ್ನು ರಿಜಿಸ್ಟರು ಮಾಡುವ ಅನುಕೂಲವನ್ನು ಕಲ್ಪಿಸಿದ್ದಾರೆ. ಇಂಡಿಯಾ ಸರ್ಕಾರದವರೂ 2022ರ ಆಗಸ್ಟಿನಲ್ಲಿ ಹೊರಡಿಸಿದ ವಿದೇಶ ಬಂಡವಾಳದ ನಿಯಮಗಳಲ್ಲಿ, ಇಲ್ಲಿಯ ನಿವಾಸಿಯೊಬ್ಬನು ಪರದೇಶದ ಕಂಪೆನಿಯಲ್ಲಿ ಹಣ ತೊಡಗಿಸುವುದಕ್ಕೆ ಅವಕಾಶವನ್ನು ಕೊಟ್ಟಿದ್ದಾರೆ. ಹೀಗೆ ಕಂಪೆನಿ ಮಾಡುವವರೆಲ್ಲರೂ ತೆರಿಗೆ ಕಳ್ಳರೆನ್ನುವುದೂ ಅನ್ಯಾಯ. ತಮ್ಮ ಕಡೆಯ ಕಂಪೆನಿಯಾದರೆ ಮಾತ್ರ ಕರಾರು ಮಾಡಿಕೊಳ್ಳುವೆವೆಂದು ಹಠ ಹಿಡಿಯುವ ಗಿರಾಕಿಗಳುಂಟು. ಹಣ ತರಿಸುವ ತೊಡಕೂ ಉಂಟು.

ಆದರೆ ಕಂಪೆನಿ ಪರದೇಶದ್ದಾದ ಮಾತ್ರದಿಂದ ಇಲ್ಲಿ ತೆರಿಗೆಯಿಲ್ಲವೆಂದು ಬೋಧಿಸುವ ದಲ್ಲಾಳಿಗಳ ಮಾತು ಶುದ್ಧ ಸುಳ್ಳು. ಮಳವಳ್ಳಿಯ ಗದ್ದೆಯ ಕಬ್ಬನ್ನು ಮಳವಳ್ಳಿಯ ಆಲೆಮನೆಯಲ್ಲಿಯೇ ಅರೆದು ಬೆಲ್ಲ ಮಾಡಿ, ಪಟ್ಟಿಯನ್ನು ಮಾತ್ರ ಬೇರೆ ಊರಿನ ಮಂಡಿಯ ಹೆಸರಿನಲ್ಲಿ ಬರೆದರೆ ಆ ಬೆಲ್ಲ ಆ ಊರಿನ ಬೆಳೆಯಾದೀತೇ? ಕೋಲಾರದ ಚಿನ್ನದ ಗಣಿಗಳ ಕಂಪೆನಿಗಳು ಲಂಡನ್ನಿನಲ್ಲಿ ರಿಜಿಸ್ಟರಾಗಿದ್ದರೂ ಮೈಸೂರು ಸರ್ಕಾರಕ್ಕೆ ರಾಜಧನವನ್ನು ತೆರಲೇಬೇಕಾಗಿತ್ತು. ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ಡಿ ಬೀಯರ್ಸ್ ಕಂಪೆನಿಯ ಆಡಳಿತದ ನಿಜವಾದ ಸೂತ್ರ ಲಂಡನ್ನಿನಲ್ಲಿರುವುದರಿಂದ ಅದು ಇಂಗ್ಲೆಂಡಿನ ನಿವಾಸಿಯೇ ಎಂದು ಅಲ್ಲಿಯ ಪ್ರಭುಸಭೆ 1906ರಲ್ಲಿಯೇ ತೀರ್ಪು ಕೊಟ್ಟಿತು. ಕಾಗದ ಎಲ್ಲಿದೆಯೆಂಬುದಕ್ಕಿಂತ ಕಾರ್ಯ ಎಲ್ಲಿ ನಡೆಯಿತೆಂಬುದೇ ಮುಖ್ಯವೆಂಬುದು ಹಳೆಯ ನ್ಯಾಯ.

ಈ ನ್ಯಾಯವನ್ನೇ ನಮ್ಮ ಪಾರ್ಲಿಮೆಂಟು 2015ರ ತಿದ್ದುಪಡಿಯಿಂದ ಆದಾಯ ತೆರಿಗೆಯ ಕಾನೂನಿನೊಳಕ್ಕೆ ತಂದಿತು: ಪರದೇಶದ ಕಂಪೆನಿಯ ಆಡಳಿತದ ಮುಖ್ಯ ನಿರ್ಧಾರಗಳು ವಸ್ತುತಃ ಇಂಡಿಯಾದಲ್ಲಿ ನಡೆದರೆ ಆ ಕಂಪೆನಿ ಇಂಡಿಯಾದ ನಿವಾಸಿ. ದಲ್ಲಾಳಿಗಳು ಇಲ್ಲಿ ಒಂದು ಸಂದನ್ನು ತೋರಿಸುತ್ತಾರೆ. ವರ್ಷದ ವಹಿವಾಟು 50 ಕೋಟಿ ರೂಪಾಯಿಗಳನ್ನು ಮೀರದ ಕಂಪೆನಿಗಳಿಗೆ ಈ ನಿಯಮ ಅನ್ವಯಿಸುವುದಿಲ್ಲವೆಂದು ತೆರಿಗೆ ಮಂಡಲಿಯವರು 2017ರ ಫೆಬ್ರವರಿಯಲ್ಲಿ ಸರ್ಕ್ಯುಲರು ಹೊರಡಿಸಿದ್ದು ನಿಜ. ಆದರೆ ಅದರಿಂದ ಕಂಪೆನಿಯ ನಿವಾಸದ ಪ್ರಶ್ನೆ ಮಾತ್ರ ತೀರಿತು. ಧಣಿಯ ಪ್ರಶ್ನೆ ತೀರಲಿಲ್ಲ. ವರ್ಷದಲ್ಲಿ 182 ದಿನ ಅಥವಾ ಅದಕ್ಕೆ ಮೇಲ್ಪಟ್ಟು ಮದ್ದೂರಿನಲ್ಲಿ ವಾಸಿಸುವವನು ಇಂಡಿಯಾದ ನಿವಾಸಿ. ಸಾಮಾನ್ಯವಾಗಿ ಅವನ ಲೋಕದ ಎಲ್ಲ ಕಡೆಯ ವರಮಾನಕ್ಕೂ ಇಲ್ಲಿ ತೆರಿಗೆಯುಂಟು. ಕಂಪೆನಿಯಿಂದ ಅವನು ಪಡೆಯುವುದು ಸಂಬಳವಾಗಲಿ, ಲಾಭಾಂಶವಾಗಲಿ, ಅದನ್ನು ತೋರಿಸತಕ್ಕದ್ದೇ. ಹಣವನ್ನು ಕಂಪೆನಿಯಲ್ಲಿಯೇ ಬಿಟ್ಟರೂ ನಿಶ್ಚಿಂತೆಯಿಲ್ಲ. ಇಂಡಿಯಾದಲ್ಲಿ ನಡೆದ ಕೆಲಸಕ್ಕೆ ಸಲ್ಲುವ ಲಾಭ ಇಂಡಿಯಾದಲ್ಲಿಯೇ ಹುಟ್ಟಿತೆಂದು ಇಲಾಖೆಯವರು ಸಾಧಿಸಬಹುದು. ತಾನೇ ಧಣಿ, ತಾನೇ ಆಳಾದ ಕಂಪೆನಿಗೆ ಅಗ್ಗದ ಕೂಲಿಗೆ ದುಡಿದಂತೆ ಲೆಕ್ಕ ಬರೆದರೆ, ಅನ್ಯನೊಬ್ಬನಿಗೆ ದುಡಿದಿದ್ದರೆ ಬರಬಹುದಾಗಿದ್ದ ಬೆಲೆಯನ್ನೇ ಹಿಡಿಯುವ ಅಧಿಕಾರವೂ ಅವರಿಗುಂಟು.

ತೆರಿಗೆಗಿಂತ ಭಯಂಕರವಾದುದು ಮುಚ್ಚಿಡುವುದರ ಫಲ. ಮೇಲೆ ಹೇಳಿದ ನಿಯಮಗಳ ಪ್ರಕಾರ ಬಂಡವಾಳವನ್ನು ಅಧಿಕೃತ ಬ್ಯಾಂಕಿನ ಮೂಲಕ ಕಳುಹಿಸಿ, ನಮೂನೆ ತುಂಬಿ, ಪ್ರತಿವರ್ಷವೂ ಕಂಪೆನಿಯ ವರದಿಯನ್ನು ಒಪ್ಪಿಸಬೇಕು. ತರುಣನೊಬ್ಬನು ರಾತ್ರಿ ಮೊಬೈಲಿನಲ್ಲಿ ನಾಲ್ಕು ಗುಂಡಿಗಳನ್ನೊತ್ತಿ ಕಂಪೆನಿಯನ್ನು ಪಡೆದಾಗ ಇದಾವುದನ್ನೂ ಅವನಿಗೆ ಯಾರೂ ತಿಳಿಸಿರುವುದಿಲ್ಲ. ಪರದೇಶದ ಷೇರು, ಬ್ಯಾಂಕಿನ ಲೆಕ್ಕಗಳನ್ನು ತೆರಿಗೆಯ ರಿಟರ್ನಿನಲ್ಲಿ ಕಾಣಿಸದಿದ್ದರೆ 2015ರ ಕಪ್ಪುಹಣದ ಕಾನೂನಿನ ಮೇರೆಗೆ 10 ಲಕ್ಷ ರೂಪಾಯಿಗಳ ಜುಲ್ಮಾನೆಗೆ ಗುರಿಯಾಗಬಹುದು. ಸ್ಥಿರಾಸ್ತಿಯಲ್ಲದ ಸ್ವತ್ತುಗಳ ಒಟ್ಟು ಬೆಲೆ 20 ಲಕ್ಷವನ್ನು ಮೀರದಿದ್ದರೆ ಮಾತ್ರ 2024ರ ಅಕ್ಟೋಬರಿನಿಂದ ಈ ಜುಲ್ಮಾನೆಯಿಲ್ಲ. ವರಮಾನವನ್ನೇ ಬಚ್ಚಿಟ್ಟವನಿಗೆ ನೂರಕ್ಕೆ 30ರ ತೆರಿಗೆಯೂ ಅದರ ಮೂರರಷ್ಟು ದಂಡವೂ ಬೀಳುತ್ತವೆ. ಗಳಿಸಿದ್ದಕ್ಕಿಂತ ತೆರುವುದೇ ಹೆಚ್ಚಾಯಿತು!

ತೆರಿಗೆಯನ್ನು ಕಡಮೆ ಮಾಡಿಕೊಳ್ಳುವುದು ಪ್ರತಿಯೊಬ್ಬನ ಹಕ್ಕಲ್ಲವೇ ಎಂದು ಕೆಲವರು ಕೇಳಬಹುದು. ಕಾನೂನಿನ ಎಲ್ಲೆಯೊಳಗೆ ಮಾಡುವ ಏರ್ಪಾಡು ಸಲ್ಲುವುದೆಂದೂ, ಕೇವಲ ಸೋಗಿನ ಉಪಾಯಗಳು ಸಲ್ಲವೆಂದೂ ನಮ್ಮ ಸುಪ್ರೀಂ ಕೋರ್ಟು 1985ರ ಮೆಕ್‌ಡವೆಲ್ ಮೊಕದ್ದಮೆಯಲ್ಲಿಯೇ ವಿವರಿಸಿದೆ. ಎಲ್ಲೆಯನ್ನು ನಿರ್ಣಯಿಸುವುದು ಕಂಪೆನಿಯ ಹೆಸರಲ್ಲ, ಅದರ ಹಿಂದೆ ವ್ಯವಹಾರವುಂಟೇ, ಇಲ್ಲವೇ ಎಂಬುದು.

ಇಷ್ಟೆಲ್ಲ ಪಾಡು ಏತಕ್ಕೆಂಬುದೇ ನಮ್ಮ ಪ್ರಶ್ನೆ. ಸ್ವಂತ ಹೆಸರಿನಲ್ಲಿಯೇ ಬಿಲ್ಲು ಬರೆಯುವವನಿಗೆ ಇಲ್ಲಿಯ ಕಾನೂನು ಶತ್ರುವಲ್ಲ. ಬಹುಮಟ್ಟಿಗೆ ನಗದಿಲ್ಲದೆ ಬ್ಯಾಂಕಿನ ಮೂಲಕವೇ ಹಣ ಪಡೆಯುವ ವೃತ್ತಿವಂತನು, ವರ್ಷದ ವಸೂಲಿ 75 ಲಕ್ಷವನ್ನು ಮೀರದಿದ್ದರೆ, ಅದರ ಅರ್ಧವನ್ನೇ ಲಾಭವೆಂದು ಒಪ್ಪಿಕೊಂಡು ತೆರಿಗೆ ಕೊಡಬಹುದು. 2016ರಲ್ಲಿ ಬಂದ ಈ ಸೌಲಭ್ಯ 2025ರ ಹೊಸ ಆದಾಯ ತೆರಿಗೆ ಕಾನೂನಿನಲ್ಲಿಯೂ ಉಳಿದಿದೆ. ಹೊರದೇಶಕ್ಕೆ ಸಲ್ಲಿಸಿದ ಸೇವೆಯನ್ನು ರಫ್ತೆಂದು ಎಣಿಸಿ, ಜಿ.ಎಸ್.ಟಿ.ಯ ದರವನ್ನು ಸೊನ್ನೆಯಾಗಿ ಇಡಲಾಗಿದೆ. ಆದರೆ ಹಣ ವಿದೇಶೀ ನಾಣ್ಯದಲ್ಲಿ, ಅಥವಾ ರಿಸರ್ವ್ ಬ್ಯಾಂಕು ಒಪ್ಪಿದ ರೀತಿಯಲ್ಲಿ, ಸೇವೆ ಸಲ್ಲಿಸಿದವನಿಗೆ ಬಂದು ಮುಟ್ಟಬೇಕು. ಹಣವನ್ನು ಪರದೇಶದ ಕಂಪೆನಿಯ ಪೆಟ್ಟಿಗೆಯಲ್ಲಿಯೇ ಕೊಳೆಹಾಕಿದವನಿಗೆ ಈ ಅನುಕೂಲವೂ ತಪ್ಪಬಹುದು.

ಇನ್ನೊಂದು ದೃಷ್ಟಿಯೂ ಉಂಟು. ತಾಲ್ಲೂಕು ಕಚೇರಿಯ ಗುಮಾಸ್ತೆಯ ಸಂಬಳದ ಮೇಲಣ ತೆರಿಗೆ ಅವನ ಕೈ ಸೇರುವ ಮೊದಲೇ ಮುರಿದುಹೋಗುತ್ತದೆ. ಪೇಟೆಬೀದಿಯ ಅಂಗಡಿಯವನು ತಿಂಗಳು ತಿಂಗಳೂ ಲೆಕ್ಕ ಒಪ್ಪಿಸುತ್ತಾನೆ. ಅವರಿಬ್ಬರ ಹಣದಿಂದ ನಡೆಯುವ ರಸ್ತೆ, ಶಾಲೆ, ಆಸ್ಪತ್ರೆಗಳನ್ನು ಬಳಸುತ್ತ, ಅವರಿಗಿಂತ ಹತ್ತು ಪಾಲು ಹೆಚ್ಚು ಗಳಿಸುವವನು ಡೆಲಾವೇರಿನ ಹೆಸರು ಹೇಳಿ ಜಾರಿಕೊಳ್ಳುವುದು ದೇಶಾಭಿಮಾನಕ್ಕೂ ನೆರೆಹೊರೆಯ ಧರ್ಮಕ್ಕೂ ಒಪ್ಪತಕ್ಕದ್ದಲ್ಲ.

ಸರ್ಕಾರದವರಿಗೂ ಕರ್ತವ್ಯವುಂಟು. ನಿಯಮಗಳು ತೆರಿಗೆಯ ಕಾನೂನೊಂದರಲ್ಲಿ, ನಾಣ್ಯದ ಕಾನೂನೊಂದರಲ್ಲಿ, ಸರ್ಕ್ಯುಲರೊಂದರಲ್ಲಿ ಹೀಗೆ ಚದರಿಹೋಗಿವೆ. ತಿಳಿಯದೆ ತಪ್ಪಿದವನನ್ನೂ ತಿಳಿದು ಕದ್ದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ತೆರಿಗೆಯ ಅಧಿಕಾರಿಗಳೂ ಬ್ಯಾಂಕುಗಳವರೂ ಕೂಡಿ ಈ ನಿಯಮಗಳನ್ನೆಲ್ಲ ತಿಳಿಗನ್ನಡದ ಒಂದು ಪತ್ರಿಕೆಯಲ್ಲಿ ಅಚ್ಚುಮಾಡಿಸಿ, ಮೂರು ಊರುಗಳ ಕಾಲೇಜುಗಳಲ್ಲಿ ಹಂಚಲಿ. ತರುಣರು ದಲ್ಲಾಳಿಯ ಬಳಿಗೆ ಹೋಗುವ ಮೊದಲು ಲೆಕ್ಕಪರಿಶೋಧಕರ ಬಳಿಗೆ ಹೋಗಲಿ. ಕಂಪೆನಿಯನ್ನು ಆಗಲೇ ಮಾಡಿಕೊಂಡವರು ದಾಖಲೆಗಳನ್ನು ಸರಿಪಡಿಸಿಕೊಳ್ಳುವುದಕ್ಕೆ ನೋಟೀಸು ಬರುವವರೆಗೆ ಕಾಯಬಾರದು. ದುಡಿದ ಹಣವನ್ನು ಹಗಲಿನಲ್ಲಿ ಎಣಿಸಿಕೊಳ್ಳುವ ಸುಖ ಯಾವ ದೇಶದ ಕಂಪೆನಿಯೂ ಕೊಡಲಾರದ್ದು.