ತೋಳಿನ ಬಿಲ್ಲೆ ಮತ್ತು ರಾತ್ರಿ ಪಾಳಿ

ವೈಟ್‌ಫೀಲ್ಡ್ ಕಡೆಗೆ ಹೋಗುವ ಮೆಟ್ರೊ ರೈಲಿನಲ್ಲಿ ಕಂಬಿ ಹಿಡಿದು ನಿಂತವರ ಅರ್ಧ ತೋಳಿನ ಅಂಗಿ ಮೇಲಕ್ಕೆ ಸರಿದಾಗ, ಕೆಲವರ ತೋಳಿನ ಹಿಂಬದಿಯಲ್ಲಿ ಬಿಳಿಯ ಬಿಲ್ಲೆಯೊಂದು ಕಾಣಿಸುತ್ತದೆ. ಹತ್ತು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಗಾಯಕ್ಕೆ ಹಾಕಿದ ಪ್ಲಾಸ್ಟರ್ ಇರಬೇಕೆಂದು ಪಕ್ಕದವರು ತಿಳಿದರೆ ಆಶ್ಚರ್ಯವಿಲ್ಲ. ಅದು ಸಕ್ಕರೆ ಅಳೆಯುವ ಸಾಧನ, ಜನರ ಬಾಯಲ್ಲಿ ‘ಸೆನ್ಸರ್’. ಒಮ್ಮೆ ಅಂಟಿಸಿಕೊಂಡರೆ ಹದಿನಾಲ್ಕು ದಿನ ಸ್ನಾನಕ್ಕಾಗಲಿ ನಿದ್ದೆಗಾಗಲಿ ತೆಗೆಯಬೇಕಾಗಿಲ್ಲ. ಮೈಯೊಳಗೆ ಗ್ಲೂಕೋಸ್ ಎಷ್ಟಿದೆ ಎಂದು ಹಗಲು ರಾತ್ರಿ ಅಳೆಯುತ್ತಲೇ ಇರುತ್ತದೆ.

ಇದೇ ಊರಿನ ಇನ್ನೊಂದು ತುದಿ ಪೀಣ್ಯ. ಅಲ್ಲಿ ರಾತ್ರಿ ಪಾಳಿ ಮುಗಿಸಿ ಬೆಳಗಿನ ಬಸ್ಸು ಹತ್ತುವವರ ತೋಳಿನ ಮೇಲೆ ಈ ಬಿಲ್ಲೆ ಅಪರೂಪ. ಆದರೆ ಅದರಿಂದ ಹೆಚ್ಚು ಪ್ರಯೋಜನವಾಗಬೇಕಾದದ್ದು ಅಂಥವರಿಗೇ. ಏಕೆಂದು ತಿಳಿಯಬೇಕಾದರೆ ಬಿಲ್ಲೆ ಏನನ್ನು ಅಳೆಯುತ್ತದೆ, ಏನನ್ನು ಅಳೆಯುವುದಿಲ್ಲ ಎಂಬುದನ್ನು ಮೊದಲು ನೋಡಬೇಕು.

ಸಕ್ಕರೆ ಕಾಯಿಲೆಯನ್ನು ಅಳೆಯುವ ಕತೆ ಶುರುವಾದದ್ದು ಮೂತ್ರದಿಂದ. ಶಾಲೆಯ ಪ್ರಯೋಗಾಲಯದಲ್ಲಿ ಬೆನೆಡಿಕ್ಟ್ ದ್ರಾವಣ ಕಾಯಿಸಿದವರಿಗೆ ನೆನಪಿದ್ದೀತು: ನೀಲಿ ಬಣ್ಣ ಹಸಿರಾಗಿ, ಹಳದಿಯಾಗಿ, ಕೊನೆಗೆ ಇಟ್ಟಿಗೆ ಕೆಂಪಿಗೆ ತಿರುಗುತ್ತದೆ. ದಶಕಗಳ ಕಾಲ ಮಧುಮೇಹಿಗಳಿಗೆ ಇದೇ ಗತಿ. ಆದರೆ ಒಂದು ಡೆಸಿಲೀಟರ್ ರಕ್ತದಲ್ಲಿ ಗ್ಲೂಕೋಸ್ ಸುಮಾರು 180 ಮಿಲಿಗ್ರಾಂ ದಾಟುವವರೆಗೆ ಮೂತ್ರಪಿಂಡಗಳು ಅದನ್ನು ಹೊರಗೆ ಬಿಡುವುದಿಲ್ಲ. ಆದ್ದರಿಂದ ಸಕ್ಕರೆ 150 ಇದ್ದರೂ ನೀಲಿ, 40ಕ್ಕೆ ಕುಸಿದು ಮನುಷ್ಯ ಎಚ್ಚರ ತಪ್ಪುವಂತಿದ್ದರೂ ನೀಲಿಯೇ! ಹೆಚ್ಚಾದದ್ದನ್ನು ತಡವಾಗಿ ಹೇಳುವ, ಕಡಿಮೆಯಾದದ್ದನ್ನು ಹೇಳಲಾರದ ಪರೀಕ್ಷೆ ಅದು.

ಬೆರಳು ಚುಚ್ಚಿ ನೋಡುವ ಪುಟ್ಟ ಯಂತ್ರ ಬಂದ ಮೇಲೆ ಈ ಕೊರತೆ ನೀಗಿತು. ಆದರೂ ಅದು ಹೇಳುವುದು ಚುಚ್ಚಿದ ಕ್ಷಣದ ಮಾತನ್ನು ಮಾತ್ರ. ಮೂರು ತಿಂಗಳ ಸ್ಥಿತಿಯನ್ನು ಹೇಳುವ ‘ಎಚ್‌ಬಿಎ1ಸಿ’ ಪರೀಕ್ಷೆ ಇನ್ನೊಂದು ತುದಿಗೆ ಹೋಗುತ್ತದೆ, ಅದು ಸರಾಸರಿ. ಒಬ್ಬನ ಸಕ್ಕರೆ ಹಗಲಿಡೀ 180ರ ಆಸುಪಾಸಿನಲ್ಲಿರಬಹುದು. ಇನ್ನೊಬ್ಬನದು ಅರ್ಧ ದಿನ 300, ಅರ್ಧ ದಿನ 60 ಇರಬಹುದು. ಸರಾಸರಿ ಇಬ್ಬರದೂ ಒಂದೇ. ಎರಡನೆಯವನು ಅಪಾಯದಲ್ಲಿದ್ದಾನೆ ಎಂಬುದು ಆ ಕಾಗದದಲ್ಲಿ ಕಾಣುವುದಿಲ್ಲ.

ಬಿಲ್ಲೆಯ ಮೂಲ ಉಪಾಯ ಅರವತ್ತು ವರ್ಷಕ್ಕೂ ಹಳೆಯದು. 1962ರಲ್ಲಿ ಅಮೆರಿಕದ ಲೆಲೆಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ಇದನ್ನು ಪ್ರಕಟಿಸಿದರು. ‘ಗ್ಲೂಕೋಸ್ ಆಕ್ಸಿಡೇಸ್’ ಎಂಬ ಕಿಣ್ವವೊಂದಿದೆ. ಇದು ಒಂದು ಜಾತಿಯ ಕಪ್ಪು ಬೂಷ್ಟಿನಿಂದ ದೊರೆಯುತ್ತದೆ. ಜೇನುಹುಳುಗಳೂ ಇದೇ ಬಗೆಯ ಕಿಣ್ವವನ್ನು ಜೇನಿಗೆ ಸೇರಿಸುತ್ತವೆ, ಜೇನು ಬೇಗ ಕೆಡದಿರುವುದಕ್ಕೆ ಅದೂ ಒಂದು ಕಾರಣ. ನೂರಾರು ವಸ್ತುಗಳ ನಡುವೆ ಈ ಕಿಣ್ವ ಗ್ಲೂಕೋಸನ್ನೇ ಗುರುತಿಸಿ ಹಿಡಿದು, ಅದರಿಂದ ಎಲೆಕ್ಟ್ರಾನುಗಳನ್ನು ಕಿತ್ತುಕೊಳ್ಳುತ್ತದೆ. ಅವನ್ನು ತಂತಿಗೆ ತಲುಪಿಸಿದರೆ ವಿದ್ಯುತ್ ಹರಿಯುತ್ತದೆ. ಹೆಚ್ಚು ಗ್ಲೂಕೋಸ್ ಇದ್ದರೆ ಹೆಚ್ಚು ವಿದ್ಯುತ್. ತಲುಪಿಸುವುದೇ ಕಷ್ಟದ ಕೆಲಸವಾಗಿತ್ತು. ರಸಾಯನ ವಿಜ್ಞಾನಿ ಆಡಮ್ ಹೆಲ್ಲರ್ ಆಸ್ಮಿಯಂ ಲೋಹದ ಸಂಯುಕ್ತಗಳನ್ನು ನಡುವೆ ಇಟ್ಟು ಇದಕ್ಕೊಂದು ದಾರಿ ಕಂಡುಕೊಂಡರು. ತುಂಬಿದ ಬಸ್ಸಿನಲ್ಲಿ ಹಿಂದಿನವರ ಟಿಕೆಟ್ ದುಡ್ಡು ಕೈಯಿಂದ ಕೈಗೆ ದಾಟಿ ಕಂಡಕ್ಟರನ್ನು ಸೇರುವಂತೆ, ಎಲೆಕ್ಟ್ರಾನು ಒಂದು ಆಸ್ಮಿಯಂನಿಂದ ಇನ್ನೊಂದಕ್ಕೆ ದಾಟಿ ತಂತಿಯನ್ನು ಸೇರುತ್ತದೆ. 2014ರಲ್ಲಿ ಯೂರೋಪಿನ ಮಾರುಕಟ್ಟೆಗೆ ಬಂದ ‘ಫ್ರೀಸ್ಟೈಲ್ ಲಿಬ್ರೆ’ ಬಿಲ್ಲೆಯ ಒಳಗಿರುವುದು ಇದೇ ವಿದ್ಯೆ.

ಕಿಣ್ವದ ಉದ್ಯಮ ಬೆಂಗಳೂರಿಗೆ ಹೊಸತೇನಲ್ಲ. ಪರಂಗಿ ಕಾಯಿಯ ಹಾಲಿನಿಂದ ಪಪೈನ್ ಎಂಬ ಕಿಣ್ವ ತೆಗೆಯುತ್ತ 1978ರಲ್ಲಿ ಶುರುವಾದ ಬಯೋಕಾನ್, 2004ರಲ್ಲಿ ಯೀಸ್ಟಿನ ನೆರವಿನಿಂದ ತಯಾರಿಸಿದ ಮಾನವ ಇನ್ಸುಲಿನ್ನನ್ನು ಪೇಟೆಗೆ ತಂದಿತು. ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರಕ್ಕೆ ಹೋಗುವ, 2025ರ ಆಗಸ್ಟ್‌ನಲ್ಲಿ ಆರಂಭವಾದ ಮೆಟ್ರೊ ಮಾರ್ಗದಲ್ಲಿ ಒಂದು ನಿಲ್ದಾಣದ ಹೆಸರಿನಲ್ಲೇ ಬಯೋಕಾನ್ ಇದೆ. ಇನ್ಸುಲಿನ್ ಹೀಗೆ ಮನೆಬಾಗಿಲಲ್ಲೇ ತಯಾರಾಗುತ್ತದೆ. ಅದು ಮೈಯಲ್ಲಿ ಮಾಡುವ ಕೆಲಸವನ್ನು ಹೊತ್ತುಹೊತ್ತಿಗೆ ತೋರಿಸುವ ಬಿಲ್ಲೆಗಳು ಮಾತ್ರ ಹೆಚ್ಚಾಗಿ ಹೊರದೇಶದ ಕಂಪನಿಗಳವು.

ಇಲ್ಲೊಂದು ಮುಖ್ಯ ವಿಷಯ. ಬಿಲ್ಲೆಯ ಕೂದಲಿನಂಥ ಎಳೆ ಚರ್ಮದೊಳಗೆ ಅರ್ಧ ಸೆಂಟಿಮೀಟರಿನಷ್ಟು ಮಾತ್ರ ಇಳಿದಿರುತ್ತದೆ. ಅದು ರಕ್ತವನ್ನು ಮುಟ್ಟುವುದೇ ಇಲ್ಲ! ಜೀವಕೋಶಗಳ ನಡುವೆ ತುಂಬಿರುವ ತಿಳಿ ದ್ರವದಲ್ಲಿ ಅದ್ದಿಕೊಂಡಿರುತ್ತದೆ. ಕಾಲುವೆಗೆ ನೀರು ಬಿಟ್ಟ ಕೂಡಲೇ ಗದ್ದೆಯ ಮೂಲೆಗೆ ಅದು ತಲುಪದಲ್ಲ, ಹಾಗೆ ರಕ್ತದ ಗ್ಲೂಕೋಸ್ ಈ ದ್ರವಕ್ಕೆ ಇಳಿಯಲು ಐದು ಹತ್ತು ನಿಮಿಷ ಬೇಕು. ಸಕ್ಕರೆ ಸ್ಥಿರವಾಗಿದ್ದಾಗ ಇದರಿಂದ ತೊಂದರೆಯಿಲ್ಲ. ವೇಗವಾಗಿ ಏರುವಾಗ, ಇಳಿಯುವಾಗ ಬಿಲ್ಲೆ ಹಿಂದೆ ಬೀಳುತ್ತದೆ. ಆದ್ದರಿಂದ ಅಂಕಿಯಷ್ಟೇ ಅದರ ಪಕ್ಕದ ಬಾಣದ ಗುರುತೂ ಮುಖ್ಯ. 100 ಎಂಬ ಅಂಕಿ ನೋಡಿ ನೆಮ್ಮದಿಯಾಗಿ ಕೂರುವ ಮೊದಲು ಬಾಣ ಕೆಳಮುಖವಾಗಿದೆಯೇ ನೋಡಬೇಕು. ಸಕ್ಕರೆ ಇಳಿದು ಮೂರು ಚಮಚ ಸಕ್ಕರೆ ಬೆರೆಸಿದ ನೀರು ಕುಡಿದ ಮೇಲೂ ಬಿಲ್ಲೆ ಸ್ವಲ್ಪ ಹೊತ್ತು ‘ಕಡಿಮೆ’ ಎಂದೇ ಹೇಳುತ್ತಿರುತ್ತದೆ. ಗಾಬರಿಯಾಗಿ ಮತ್ತೆ ಮತ್ತೆ ಕುಡಿದರೆ ಒಂದು ಗಂಟೆಯಲ್ಲಿ 300. ಅದೇ ತೋಳಿನ ಮೇಲೆ ಒತ್ತಿ ಮಲಗಿದರೂ ಸುಳ್ಳು ‘ಕಡಿಮೆ’ ಬರುತ್ತದೆ. ಕೆಲವು ಬಿಲ್ಲೆಗಳು ಹೆಚ್ಚು ವಿಟಮಿನ್ ಸಿ ಮಾತ್ರೆಗೆ, ಇನ್ನು ಕೆಲವು ಜ್ವರದ ಪ್ಯಾರಾಸಿಟಮಾಲ್‌ಗೆ ಮೋಸ ಹೋಗಿ ಇಲ್ಲದ ಸಕ್ಕರೆ ತೋರಿಸುತ್ತವೆ. ಮೈಗೆ ಆಗುತ್ತಿರುವುದಕ್ಕೂ ಅಂಕಿಗೂ ತಾಳೆಯಾಗದಿದ್ದರೆ ಬೆರಳು ಚುಚ್ಚಿಯೇ ನೋಡಬೇಕು.

ಈಗ ಪೀಣ್ಯಕ್ಕೆ ಬರೋಣ. ಲೇತ್ ಯಂತ್ರದ ಮುಂದೆ ನಿಲ್ಲುವ ಒಬ್ಬ ಕೆಲಸಗಾರನನ್ನು ಊಹಿಸಿಕೊಳ್ಳಿ. ವಯಸ್ಸು ನಲವತ್ತೈದು, ಏಳೆಂಟು ವರ್ಷದ ಸಕ್ಕರೆ ಕಾಯಿಲೆ. ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ. ಆತ ನುಂಗುವುದು ಗ್ಲಿಮಿಪಿರೈಡ್‌ನಂಥ ಅಗ್ಗದ, ಒಳ್ಳೆಯ ಮಾತ್ರೆ. ಅದರ ಗುಣವೆಂದರೆ ಊಟ ಬಂದಿದೆಯೋ ಇಲ್ಲವೋ ಕೇಳದೆ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುವುದು. ಹೊತ್ತಿಗೆ ಸರಿಯಾಗಿ ಉಣ್ಣುವವರಿಗೆ ಇದರಿಂದ ಹೆಚ್ಚು ಭಯವಿಲ್ಲ. ಆದರೆ ಮಾತ್ರೆ ರಾತ್ರಿ ಎಂಟಕ್ಕೆ, ಡಬ್ಬಿಯ ಮುದ್ದೆ ಕೆಲಸದ ಒತ್ತಡದಲ್ಲಿ ಒಂದಕ್ಕೆ ಎಂದಾದರೆ? ನಡುವೆ ಸಕ್ಕರೆ ಕುಸಿಯಬಹುದು. ಬೆವರು, ನಡುಕ, ಮಂಕು ಅದರ ಲಕ್ಷಣಗಳು. ಬಿಸಿಯ ಶೆಡ್ಡಿನಲ್ಲಿ ಬೆವರುವವನನ್ನು ಯಾರು ವಿಶೇಷವಾಗಿ ನೋಡುತ್ತಾರೆ? ನಡುರಾತ್ರಿಯ ಮಂಕನ್ನು ನಿದ್ದೆಗಣ್ಣು ಎನ್ನುತ್ತಾರೆ. ಎದುರಿಗೆ ಮಾತ್ರ ತಿರುಗುವ ಯಂತ್ರವಿದೆ.

ಇನ್ನೊಂದು ಬದಿಯೂ ಇದೆ. ರಾತ್ರಿ ಹೊತ್ತು ದೇಹ ಗ್ಲೂಕೋಸನ್ನು ಹಗಲಿನಷ್ಟು ಚೆನ್ನಾಗಿ ನಿಭಾಯಿಸುವುದಿಲ್ಲ. ಅದೇ ಊಟ ರಾತ್ರಿ ಒಂದಕ್ಕೆ ಮಾಡಿದರೆ ಸಕ್ಕರೆ ಇನ್ನೂ ಮೇಲೆ ಹೋಗುತ್ತದೆ. ರಾಗಿ ತಿಂದರೆ ಸಕ್ಕರೆ ಏರದು ಎಂಬ ಭರವಸೆ ನಮ್ಮಲ್ಲಿ ಬಲವಾಗಿದೆ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೊಹೈಡ್ರೇಟ್ ಇದ್ದರೆ ರಾಗಿಯಲ್ಲಿ ಸುಮಾರು 67. ನಾರು ಹೆಚ್ಚು ಎಂಬುದು ನಿಜ. ಆದರೆ ಎರಡು ದೊಡ್ಡ ಮುದ್ದೆ ಎರಡು ದೊಡ್ಡ ಮುದ್ದೆಯೇ. ಈ ಏರಿಳಿತ ಯಾವುದೂ ಪ್ರಯೋಗಾಲಯಕ್ಕೆ ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಕೊಟ್ಟ ರಕ್ತದಲ್ಲಿ ಸಿಗುವುದಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದವನಿಗೆ ‘ಬೆಳಗಿನ ಬರಿ ಹೊಟ್ಟೆ’ ಎಂದರೆ ಯಾವುದು ಎಂಬುದೇ ಪ್ರಶ್ನೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಅಮೆರಿಕದ ಹಗಲಿಗೆ ತಕ್ಕಂತೆ ಎಚ್ಚರವಿರುವ ಹುಡುಗ ಹುಡುಗಿಯರದೂ ಇದೇ ಪಾಡು.

ವಿಚಿತ್ರವೆಂದರೆ, ಬಿಲ್ಲೆ ತಯಾರಿಸಿದವರಿಗೆ ಪೀಣ್ಯದ ಶೆಡ್ಡು ಕಣ್ಣ ಮುಂದೆ ಇರಲಿಲ್ಲ. ಮೊದಲ ಲಿಬ್ರೆ ಬಿಲ್ಲೆಯ ನೆನಪು ಎಂಟು ಗಂಟೆಯದು. ಅಷ್ಟರೊಳಗೆ ಫೋನನ್ನೋ ಅದರದೇ ಯಂತ್ರವನ್ನೋ ಹತ್ತಿರ ಹಿಡಿದು ಓದಿಸಿಕೊಳ್ಳಬೇಕು. ಪಾಳಿಯೇ ಎಂಟು ಗಂಟೆ, ಬಸ್ಸಿನ ದಾರಿ ಬೇರೆ. ಎಷ್ಟೋ ಕಾರ್ಖಾನೆಗಳಲ್ಲಿ ಯಂತ್ರದ ಬಳಿಗೆ ಫೋನ್ ಒಯ್ಯುವಂತಿಲ್ಲ. ಅಂದರೆ ಪಾಳಿಯ ಮೊದಲ ಭಾಗ ಅಳಿಸಿಹೋಗುತ್ತದೆ. ಆಮೇಲಿನ ಮಾದರಿಗಳು ಸಕ್ಕರೆ ಇಳಿದಾಗ ತಾವಾಗಿಯೇ ಗಂಟೆ ಬಾರಿಸುತ್ತವೆ. ಆದರೆ ಬಾರಿಸುವುದು ಫೋನು. ಅದು ಕೆಲವೇ ಮೀಟರ್ ದೂರದೊಳಗೆ ಇರಬೇಕು. ಲಾಕರಿನಲ್ಲಿ ಬಾರಿಸಿದರೆ ಕೇಳುವವರಾರು? ಸಕ್ಕರೆ ಕಾಯಿಲೆಯ ಕೆಲಸಗಾರನಿಗೆ ಫೋನನ್ನು ಹತ್ತಿರ ಇಟ್ಟುಕೊಳ್ಳಲು ಮೇಲ್ವಿಚಾರಕರು ಅನುಮತಿ ಕೊಟ್ಟರೆ ಖರ್ಚೇನೂ ಇಲ್ಲ.

ಖರ್ಚಿರುವುದು ಬಿಲ್ಲೆಗೆ. ಒಂದಕ್ಕೆ ನಾಲ್ಕೈದು ಸಾವಿರ ರೂಪಾಯಿ. ವರ್ಷಕ್ಕೆ ಇಪ್ಪತ್ತಾರು ಬೇಕು. ಲಕ್ಷ ದಾಟಿತು. ಇಎಸ್‌ಐ ಸೌಲಭ್ಯಕ್ಕೆ 2017ರಲ್ಲಿ ಗೊತ್ತುಮಾಡಿದ ಸಂಬಳದ ಮಿತಿ ತಿಂಗಳಿಗೆ 21,000 ರೂಪಾಯಿ. ಅಷ್ಟು ಗಳಿಸುವವನ ಐದು ತಿಂಗಳ ದುಡಿಮೆ ತೋಳಿಗೇ ಹೋಗಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ದೇಶದ ಮಧುಮೇಹಿಗಳನ್ನು 10.1 ಕೋಟಿ ಎಂದು ಅಂದಾಜು ಮಾಡಿತು. ಇತ್ತ ಬೆಂಗಳೂರಿನದೇ ಹೊಸ ಕಂಪನಿಗಳು 2021ರಿಂದೀಚೆಗೆ ಕಾಯಿಲೆ ಇಲ್ಲದವರಿಗೂ ತೂಕ ಇಳಿಸಲು, ಚುರುಕಾಗಿರಲು ಎಂದು ಇದೇ ಬಿಲ್ಲೆಯನ್ನು ಮಾರತೊಡಗಿದವು. ಆರೋಗ್ಯವಂತರಲ್ಲೂ ಊಟದ ನಂತರ ಸಕ್ಕರೆ 140 ದಾಟುವುದುಂಟು. ತಾನಾಗಿ ಇಳಿಯುವುದೂ ಉಂಟು. ಅದನ್ನು ನೋಡಿ ಮಸಾಲೆ ದೋಸೆಗೆ ಹೆದರುವವರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ದುಡ್ಡು ಅವರದು.

ವರ್ಷವಿಡೀ ಧರಿಸಲಾರದವರಿಗೆ ದಾರಿಯಿಲ್ಲವೆಂದಲ್ಲ. ಧರಿಸಿದವರು ಅಂಕಿ ನೋಡದೆ, ಕೊನೆಯಲ್ಲಿ ವೈದ್ಯರೇ ಓದುವ ಬಗೆಯ ‘ಲಿಬ್ರೆ ಪ್ರೊ’ 2015ರಲ್ಲೇ ಭಾರತಕ್ಕೆ ಬಂದಿತು. ಅದಕ್ಕೆ ಎಂಟು ಗಂಟೆಯ ಮರೆವಿಲ್ಲ. ಕಾಲು ಗಂಟೆಗೊಮ್ಮೆ ಬರೆದುಕೊಳ್ಳುತ್ತ ಹದಿನಾಲ್ಕು ದಿನಕ್ಕೆ 1,344 ಅಂಕಿಗಳನ್ನು ಇಟ್ಟುಕೊಂಡಿರುತ್ತದೆ. ಹದಿನಾಲ್ಕು ದಿನವೆಂದರೆ ವಾರಕ್ಕೊಮ್ಮೆ ಪಾಳಿ ಬದಲಾಗುವವನಿಗೆ ಸರಿಯಾಗಿ ಒಂದು ಹಗಲು ವಾರ, ಒಂದು ರಾತ್ರಿ ವಾರ. ವರ್ಷದಲ್ಲಿ ಒಂದೇ ಬಿಲ್ಲೆ ಸಾಕು, ಹಾಕಿಸುವ ದಿನವನ್ನು ನೋಡಿ ಆರಿಸಿಕೊಂಡರೆ. 70ರಿಂದ 180ರ ನಡುವೆ ದಿನದಲ್ಲಿ ಹದಿನೇಳು ಗಂಟೆಯಾದರೂ ಇರಬೇಕು, 70ಕ್ಕಿಂತ ಕೆಳಗೆ ಒಂದು ಗಂಟೆಯೂ ಇರಬಾರದು ಎಂಬುದು 2019ರಲ್ಲಿ ತಜ್ಞರು ಒಪ್ಪಿದ ಅಳತೆ. ಎರಡು ವಾರಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ವೈದ್ಯರು ರಾತ್ರಿ ಪಾಳಿಯ ವಾರಕ್ಕೆ ಮಾತ್ರೆಯ ಹೊತ್ತನ್ನೋ ಮಾತ್ರೆಯನ್ನೋ ಬದಲಿಸಬಹುದು. ಅದಕ್ಕೆ ಇನ್ನೊಂದು ವಸ್ತು ಬೇಕು: ಯಾವ ದಿನ ಯಾವ ಪಾಳಿ, ಮಾತ್ರೆ ಎಷ್ಟು ಹೊತ್ತಿಗೆ, ಡಬ್ಬಿ ಬಿಚ್ಚಿದ್ದು ಎಷ್ಟು ಹೊತ್ತಿಗೆ ಎಂದು ಬರೆದಿಟ್ಟ ಹತ್ತು ರೂಪಾಯಿಯ ನೋಟ್‌ಬುಕ್ಕು. ಬಿಲ್ಲೆಗೆ ಅವು ಯಾವುವೂ ಗೊತ್ತಿರುವುದಿಲ್ಲ.